ಪುಟ್ಟ ಕ್ಯಾಮರಾವನ್ನು ಕೊಳ್ಳುವ ಮುನ್ನ

ಕಳೆದ ದಸರಾ ರಜೆಯಲ್ಲಿ ನನ್ನ ಅಣ್ಣನ ಮಗಳು ಮೈಸೂರಿನ ಅಂಗಡಿಯೊಂದಕ್ಕೆ ನನ್ನನ್ನು ಕರೆದುಕೊಂಡು ಹೋದಳು. ಆಕೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದುತ್ತಿರುವವಳು. ತಮ್ಮೂರ ಕೆರೆಯ ಹಕ್ಕಿಗಳನ್ನು ಕುರಿತು ಸಚಿತ್ರವಾದ ವರದಿಯೊಂದನ್ನು ಅವಳು ಬರೆಯಬೇಕಾಗಿತ್ತು. ಎರಡು ವರ್ಷಗಳಿಂದ ಕೂಡಿಟ್ಟ ೮,೦೦೦ ರೂಪಾಯಿ ಅವಳ ಕೈಯಲ್ಲಿತ್ತು. ಅದು ತಪ್ಪಾದ ವಸ್ತುವಿಗೆ ಹೋದರೆ ಮತ್ತೆ ಅಷ್ಟು ಹಣ ಕೂಡುವ ವೇಳೆಗೆ ಅವಳ ಪದವಿಯೇ ಮುಗಿದಿರುತ್ತದೆ.

ಅಂಗಡಿಯವರು ಎರಡು ಕ್ಯಾಮರಾಗಳನ್ನು ತೆಗೆದು ಮುಂದಿಟ್ಟರು. ಒಂದು ಹೊಚ್ಚ ಹೊಸದು. ಅದರ ಪೆಟ್ಟಿಗೆಯ ಮೇಲೆ '೪೮ ಮೆಗಾಪಿಕ್ಸೆಲ್, ೧೬ ಪಟ್ಟು ಜೂಮ್' ಎಂದು ಬಂಗಾರದ ಬಣ್ಣದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಬೆಲೆ ೫,೦೦೦ ರೂಪಾಯಿ. ಮತ್ತೊಂದು ಯಾರೋ ಬಳಸಿ ಮಾರಿದ್ದು, ೨೦೦೯ರಲ್ಲಿ ಹೊರಬಂದ ಕ್ಯಾನನ್ ಪವರ್‌ಶಾಟ್ ಜಿ೧೧. ೧೦ ಮೆಗಾಪಿಕ್ಸೆಲ್, ೫ ಪಟ್ಟು ಜೂಮ್, ಬೆಲೆ ೭,೫೦೦ ರೂಪಾಯಿ.

"ಇದೇನು ಚಿಕ್ಕಪ್ಪ, ಹಳೆಯದಕ್ಕೇ ಹೆಚ್ಚು ಬೆಲೆಯೆ?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಕಾಣಬೇಕಾದರೆ ಪೆಟ್ಟಿಗೆಯ ಮೇಲಿನ ಅಂಕಿ ಏನನ್ನು ಎಣಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಡಿಜಿಟಲ್ ಕ್ಯಾಮರಾದಲ್ಲಿ ಫಿಲ್ಮಿನ ಸ್ಥಾನದಲ್ಲಿ ಸಿಲಿಕಾನಿನ ಒಂದು ಚಿಕ್ಕ ಫಲಕವಿರುತ್ತದೆ. ಇದಕ್ಕೆ ಸಂವೇದಕವೆಂದು ಹೆಸರು. ಅದರ ಮೈಮೇಲೆ ಚದುರಂಗದ ಮನೆಗಳಂತೆ ಸೂಕ್ಷ್ಮವಾದ ಕೋಶಗಳು ಸಾಲುಸಾಲಾಗಿ ಇರುತ್ತವೆ. ಒಂದೊಂದು ಕೋಶವೂ ತನ್ನ ಮೇಲೆ ಬಿದ್ದ ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ವಿದ್ಯುದಂಶವನ್ನು ಕೂಡಿಟ್ಟುಕೊಳ್ಳುತ್ತದೆ. ಅದನ್ನು ಅಳೆದು ಅಂಕಿಯಾಗಿ ಬರೆದಿಟ್ಟರೆ ಚಿತ್ರದ ಒಂದು ಬಿಂದು, ಅಂದರೆ ಒಂದು ಪಿಕ್ಸೆಲ್, ಸಿದ್ಧವಾಯಿತು. ಹತ್ತು ಲಕ್ಷ ಪಿಕ್ಸೆಲ್‌ಗಳು ಸೇರಿದರೆ ಒಂದು ಮೆಗಾಪಿಕ್ಸೆಲ್. ೧೯೭೫ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು ರಚಿಸಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಇದ್ದದ್ದು ೧೦,೦೦೦ ಪಿಕ್ಸೆಲ್‌ಗಳು ಮಾತ್ರ. ಒಂದು ಚಿತ್ರವನ್ನು ಟೇಪಿನ ಮೇಲೆ ಬರೆಯಲು ಅದಕ್ಕೆ ೨೩ ಸೆಕೆಂಡುಗಳು ಬೇಕಾಗಿದ್ದವು! ಆ ಕಾಲಕ್ಕೆ ಪಿಕ್ಸೆಲ್‌ಗಳ ಸಂಖ್ಯೆಯನ್ನು ಹೆಚ್ಚಿಸುವುದೇ ಪ್ರಗತಿಯಾಗಿತ್ತು.

ಆದರೆ ನಮಗೆ ನಿಜವಾಗಿ ಎಷ್ಟು ಬೇಕು? ೪ ಇಂಚು ಅಗಲ, ೬ ಇಂಚು ಉದ್ದದ ಪಟವನ್ನು ಇಂಚಿಗೆ ೩೦೦ ಬಿಂದುಗಳಂತೆ ಅಚ್ಚು ಹಾಕಿಸಲು ೧,೨೦೦ × ೧,೮೦೦ ಪಿಕ್ಸೆಲ್‌ಗಳು, ಎಂದರೆ ೨೨ ಲಕ್ಷಕ್ಕೂ ಕಡಿಮೆ, ಸಾಕು. ಎ೪ ಹಾಳೆಯ ತುಂಬ ಅಚ್ಚಾಗುವ ಚಿತ್ರಕ್ಕೂ ೯ ಮೆಗಾಪಿಕ್ಸೆಲ್ ಧಾರಾಳ. ಹಾಗಾದರೆ ಉಳಿದವು ಇದ್ದರೆ ಇರಲಿ, ನಷ್ಟವೇನು ಎಂದು ಕೇಳಬಹುದು. ನಷ್ಟ ಹೇಗೆಂಬುದನ್ನು ನೋಡೋಣ.

ಬೆಳಕು ಹೊಳೆಯ ನೀರಿನಂತೆ ಒಂದೇ ಸಮನಾಗಿ ಹರಿದು ಬರುವುದಿಲ್ಲ. ಮಳೆಯ ಹನಿಗಳಂತೆ ಬಿಡಿಬಿಡಿ ಕಣಗಳಾಗಿ, ಅಂದರೆ ಫೋಟಾನುಗಳಾಗಿ, ಬೀಳುತ್ತದೆ. ತುಂತುರು ಮಳೆಯಲ್ಲಿ ಅಂಗಳದಲ್ಲಿ ಹತ್ತು ಲೋಟಗಳನ್ನು ಸಾಲಾಗಿ ಇಟ್ಟು ಒಂದು ನಿಮಿಷದ ಬಳಿಕ ನೋಡಿದರೆ ಒಂದರಲ್ಲಿ ಏಳು ಹನಿ, ಮಗ್ಗುಲಿನದರಲ್ಲಿ ಹದಿಮೂರು ಹನಿ ಇದ್ದೀತು. ಅದೇ ಹತ್ತು ಹಂಡೆಗಳನ್ನು ಇಟ್ಟಿದ್ದರೆ ಅವುಗಳ ನಡುವೆ ಅಷ್ಟು ತಾರತಮ್ಯ ಕಾಣದು. ಗಣಿತದ ನಿಯಮ ಸರಳವಾಗಿದೆ: ಸರಾಸರಿ ೧೦೦ ಕಣಗಳು ಬೀಳುವ ಕಡೆ ಏರಿಳಿತ ೧೦೦ರ ವರ್ಗಮೂಲದಷ್ಟು, ಎಂದರೆ ೧೦, ಇದು ನೂರಕ್ಕೆ ಹತ್ತರಂತಾಯಿತು. ೧೦,೦೦೦ ಕಣಗಳು ಬೀಳುವ ಕಡೆ ಏರಿಳಿತ ೧೦೦; ನೂರಕ್ಕೆ ಒಂದೇ ಒಂದು. ಮಬ್ಬುಗತ್ತಲಲ್ಲಿ ತೆಗೆದ ಚಿತ್ರಗಳಲ್ಲಿ ರವೆ ಎರಚಿದಂತೆ ಕಾಣುವ ಚುಕ್ಕೆಗಳಿಗೆ ಈ ಏರಿಳಿತವೇ ಒಂದು ಮುಖ್ಯ ಕಾರಣ.

ಸಂವೇದಕವನ್ನು ದೊಡ್ಡದು ಮಾಡದೆ ಕೋಶಗಳನ್ನು ಮಾತ್ರ ಹೆಚ್ಚಿಸಿದರೆ ಹಂಡೆಗಳನ್ನು ತೆಗೆದು ಲೋಟಗಳನ್ನು ಇಟ್ಟಂತಾಗುತ್ತದೆ. ಅಕ್ಕಪಕ್ಕದ ಲೋಟಗಳ ನೀರನ್ನು ಒಂದುಗೂಡಿಸಿ ಲೆಕ್ಕ ಹಾಕಬಾರದೆ? ಹಾಕಬಹುದು; ಆಗ ಕಳೆದುಕೊಂಡದ್ದರಲ್ಲಿ ಬಹುಭಾಗ ಮರಳಿ ಬರುತ್ತದೆ. ಆದರೆ ಅಂಗಳದ ಮೇಲೆ ಬಿದ್ದ ಮಳೆಗಿಂತ ಹೆಚ್ಚಿನ ನೀರು ಎಲ್ಲಿಂದಲೂ ಬರದು. ಆದುದರಿಂದ ವಿಚಾರಿಸಬೇಕಾದದ್ದು ಅಂಗಳದ ವಿಸ್ತೀರ್ಣವನ್ನೇ ಹೊರತು ಲೋಟಗಳ ಸಂಖ್ಯೆಯನ್ನಲ್ಲ.

ಈ ಮಾತಿಗೆ ಆ ಹಳೆಯ ಕ್ಯಾಮರಾವೇ ಸಾಕ್ಷಿ. ೨೦೦೮ರಲ್ಲಿ ಬಂದ ಅದರ ಅಣ್ಣ ಜಿ೧೦ರಲ್ಲಿ ೧೪.೭ ಮೆಗಾಪಿಕ್ಸೆಲ್‌ಗಳಿದ್ದವು. ಮರುವರ್ಷ ಬಹುಮಟ್ಟಿಗೆ ಅದೇ ಅಳತೆಯ ಸಂವೇದಕದ ಮೇಲೆ ತಯಾರಕರು ೧೦ ಮೆಗಾಪಿಕ್ಸೆಲ್‌ಗಳನ್ನು ಮಾತ್ರ ಇಟ್ಟರು. ಪ್ರತಿಯೊಂದು ಕೋಶಕ್ಕೂ ಸುಮಾರು ಒಂದೂವರೆ ಪಟ್ಟು ಜಾಗ ದೊರೆಯಿತು. ಅಂಕಿಗಳ ಪೈಪೋಟಿ ಬಿರುಸಾಗಿದ್ದ ದಿನಗಳಲ್ಲಿ ಇದು ಧೈರ್ಯದ ಕೆಲಸವೆಂದೇ ನನ್ನ ಎಣಿಕೆ.

ಸಂವೇದಕದ ಅಳತೆಯನ್ನು ತಯಾರಕರು ಹೇಳುವ ರೀತಿ ಮಾತ್ರ ವಿಚಿತ್ರವಾದದ್ದು. '೧ ಇಂಚಿನ' ಸಂವೇದಕವೆಂದು ಕರೆಯುವುದರ ಉದ್ದಗಲ ೧೩.೨ × ೮.೮ ಮಿಲಿಮೀಟರುಗಳು, ಯಾವ ಕಡೆಯಿಂದ ಅಳೆದರೂ ಒಂದು ಇಂಚು ಸಿಕ್ಕದು! ಹಿಂದಿನ ಟೆಲಿವಿಷನ್ ಕ್ಯಾಮರಾಗಳಲ್ಲಿದ್ದ ಗಾಜಿನ ನಳಿಗೆಯ ಹೊರವ್ಯಾಸದ ಲೆಕ್ಕ ಇಂದಿಗೂ ಉಳಿದುಬಂದಿದೆ. ಅಗ್ಗದ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿರುವುದು '೧/೨.೩ ಇಂಚಿನದು', ಅದರ ವಿಸ್ತೀರ್ಣ ಸುಮಾರು ೨೮ ಚದರ ಮಿಲಿಮೀಟರು. ಜಿ೧೧ರದು '೧/೧.೭', ಸುಮಾರು ೪೨. ಒಂದು ಇಂಚಿನದೆನ್ನುವುದು ೧೧೬. ಭಿನ್ನರಾಶಿಯ ಕೆಳಗಿನ ಅಂಕಿ ಚಿಕ್ಕದಾದಷ್ಟೂ ಅಂಗಳ ದೊಡ್ಡದು ಎಂಬುದಷ್ಟನ್ನು ನೆನಪಿಟ್ಟರೆ ಸಾಕು.

ಇನ್ನು ಮಸೂರದ ವಿಚಾರ. ಅದರ ಸುತ್ತಿನ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಕೆತ್ತಿರುವ ಅಂಕಿಗಳನ್ನು ಕೊಳ್ಳುವವರು ಓದುವುದು ಅಪರೂಪ. ಜಿ೧೧ರ ಅಂಚಿನಲ್ಲಿ ನಾಭಿದೂರ ೬.೧ರಿಂದ ೩೦.೫ ಮಿಲಿಮೀಟರು ಎಂದೂ, ಅದರ ಪಕ್ಕದಲ್ಲಿ ೧:೨.೮–೪.೫ ಎಂದೂ ಇದೆ. ೩೦.೫ನ್ನು ೬.೧ರಿಂದ ಭಾಗಿಸಿದರೆ ೫; ಇದೇ ಜೂಮಿನ ಪಟ್ಟು. ನಾಭಿದೂರವನ್ನು ಎರಡನೆಯ ಅಂಕಿಯಿಂದ ಭಾಗಿಸಿದರೆ ಬೆಳಕು ಒಳನುಗ್ಗುವ ಬಾಗಿಲಿನ ವ್ಯಾಸ ತಿಳಿಯುತ್ತದೆ. ದೂರದ ಹಕ್ಕಿಯತ್ತ ಮಸೂರವನ್ನು ಪೂರ್ತಿ ಚಾಚಿದಾಗ ೩೦.೫ ÷ ೪.೫, ಎಂದರೆ ಸುಮಾರು ೬.೮ ಮಿಲಿಮೀಟರು. ಈ ಎರಡನೆಯ ಅಂಕಿ ಚಿಕ್ಕದಾಗಿರುವುದು ಮೇಲು. ಅನೇಕ ಅಗ್ಗದ ಕ್ಯಾಮರಾಗಳಲ್ಲಿ ಅದು ೬.೯ರವರೆಗೆ ಏರುತ್ತದೆ, ಅವುಗಳಿಗಿಂತ ೪.೫ರ ಮಸೂರ ಸಂವೇದಕದ ಪ್ರತಿ ಚದರ ಮಿಲಿಮೀಟರಿನ ಮೇಲೂ ಎರಡು ಪಟ್ಟಿಗಿಂತ ಹೆಚ್ಚು ಬೆಳಕನ್ನು ಚೆಲ್ಲುತ್ತದೆ.

ಹೊಸ ಕ್ಯಾಮರಾದ ಅಂಚಿನಲ್ಲಿ ಒಂದೇ ಒಂದು ನಾಭಿದೂರವಿತ್ತು. ಎಂದರೆ ಮಸೂರ ಚಾಚುವುದೂ ಇಲ್ಲ, ಹಿಂದೆ ಸರಿಯುವುದೂ ಇಲ್ಲ. ಹಾಗಿದ್ದಲ್ಲಿ ೧೬ ಪಟ್ಟು ಜೂಮ್ ಎಲ್ಲಿಂದ ಬಂದಿತು? ಚಿತ್ರದ ನಡುವಿನ ಒಂದು ತುಣುಕನ್ನು ಕತ್ತರಿಸಿ ಹಿಗ್ಗಿಸುವುದನ್ನೇ ಅವರು ಹಾಗೆ ಕರೆದಿದ್ದರು. ಉದ್ದದಲ್ಲಿ ೧೬ನೆಯ ಒಂದು ಭಾಗ, ಅಗಲದಲ್ಲಿ ೧೬ನೆಯ ಒಂದು ಭಾಗ. ಒಟ್ಟು ೨೫೬ನೆಯ ಒಂದು ಭಾಗ. ೪೮ ಮೆಗಾಪಿಕ್ಸೆಲ್‌ಗಳಲ್ಲಿ ಉಳಿಯುವುದು ೧,೮೭,೫೦೦ ಪಿಕ್ಸೆಲ್‌ಗಳು! ಅಷ್ಟರಲ್ಲಿ ಅಂಚೆಚೀಟಿಗಿಂತ ಹೆಚ್ಚಿನ ಚಿತ್ರವನ್ನು ಚೊಕ್ಕಟವಾಗಿ ಅಚ್ಚು ಹಾಕಿಸುವುದು ಕಷ್ಟ. ಇಂತಹ ಕ್ಯಾಮರಾಗಳಲ್ಲಿ ಆ ೪೮ ಕೂಡ ಪೂರ್ತಿ ನಿಜವಲ್ಲದಿರುವುದುಂಟು: ನಿಜವಾದ ಕೋಶಗಳು ಕೆಲವೇ ಇದ್ದು, ನಡುವಿನ ಬಿಂದುಗಳನ್ನು ಯಂತ್ರವು ಊಹೆಯಿಂದ ತುಂಬುತ್ತದೆ.

ಕೈಯಲ್ಲಿ ಫೋನಿರುವಾಗ ಬೇರೆ ಕ್ಯಾಮರಾವೇ ಏಕೆ ಎಂದು ವಾಚಕರು ಕೇಳಬಹುದು. ಹತ್ತಿರದ ವಸ್ತುಗಳಿಗೂ ಮನೆಯವರ ಚಿತ್ರಗಳಿಗೂ ಖಂಡಿತ ಬೇಡ. ಇಂದಿನ ಒಳ್ಳೆಯ ಫೋನು ಹಲವು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಬೆಳಕಿನ ಕೊರತೆಯನ್ನು ತುಂಬಿಕೊಳ್ಳುತ್ತದೆ. ಫೋನುಗಳ ದೆಸೆಯಿಂದಲೇ ೨೦೧೦ರಲ್ಲಿ ಸುಮಾರು ೧೨ ಕೋಟಿಯಷ್ಟಿದ್ದ ಡಿಜಿಟಲ್ ಕ್ಯಾಮರಾಗಳ ವಾರ್ಷಿಕ ರವಾನೆ ೨೦೨೩ರಲ್ಲಿ ೮೦ ಲಕ್ಷಕ್ಕೂ ಕೆಳಗಿಳಿಯಿತು. ಮಸೂರ ಚಾಚದ ಅಗ್ಗದ ಕ್ಯಾಮರಾವನ್ನು ಕೊಳ್ಳುವುದಕ್ಕಿಂತ ಫೋನನ್ನೇ ನೆಚ್ಚುವುದು ಲೇಸು. ಆದರೆ ನನ್ನ ಅಣ್ಣನ ಮಗಳ ಬಳಿ ಇದ್ದದ್ದು ಅಗ್ಗದ ಫೋನು, ಅವಳ ಹಕ್ಕಿಗಳಿದ್ದದ್ದು ಕೆರೆಯ ಆಚೆ ಮಗ್ಗುಲಿನಲ್ಲಿ.

ಹಳೆಯದನ್ನು ಕೊಳ್ಳುವಾಗ ಬೇರೆ ಎಚ್ಚರಿಕೆಗಳು ಬೇಕು. ನಾವು ಮಸೂರದೊಳಕ್ಕೆ ಟಾರ್ಚನ್ನು ಹಿಡಿದು ನೋಡಿದೆವು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಗಾಲ ಕಳೆದ ಕ್ಯಾಮರಾಗಳ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿರುವುದುಂಟು. ಗೋಡೆಗೆ ವೃತ್ತಪತ್ರಿಕೆಯ ಹಾಳೆಯನ್ನು ಅಂಟಿಸಿ ಚಿತ್ರ ತೆಗೆದು, ನಾಲ್ಕು ಮೂಲೆಗಳ ಅಕ್ಷರಗಳೂ ಸಮನಾಗಿ ಕಾಣುವುವೇ ಎಂದು ಪರೀಕ್ಷಿಸಿದೆವು. ಕಾರ್ಡಿನ ವಿಷಯದಲ್ಲಿ ಅನೇಕರು ಮೋಸಹೋಗುತ್ತಾರೆ. ಆ ಕಾಲದ ಕ್ಯಾಮರಾಗಳು ಸಾಮಾನ್ಯವಾಗಿ ೩೨ ಗಿಗಾಬೈಟಿಗಿಂತ ದೊಡ್ಡ ಎಸ್‌ಡಿ ಕಾರ್ಡನ್ನು ಓದಲಾರವು. ಒಲಿಂಪಸ್ ಮತ್ತು ಫ್ಯೂಜಿಯ ಕೆಲವು ಹಳೆಯ ಕ್ಯಾಮರಾಗಳಿಗೆ ಬೇಕಾದ ಎಕ್ಸ್‌ಡಿ ಕಾರ್ಡಿನ ತಯಾರಿಕೆಯೇ ನಿಂತುಹೋಗಿದೆ. ನಮ್ಮ ಕ್ಯಾಮರಾದ ಬ್ಯಾಟರಿ ಉಬ್ಬಿಕೊಂಡಿತ್ತು. ಅದನ್ನು ತೋರಿಸಿದ ಮೇಲೆ ಅಂಗಡಿಯವರು ೭೦೦ ರೂಪಾಯಿಗಳನ್ನು ಇಳಿಸಿದರು.

ಹೊರಡುವ ಮುನ್ನ ಅಂಗಡಿಯ ಮೆಟ್ಟಿಲ ಕೆಳಗಿನ ಕತ್ತಲೆಯ ಮೂಲೆಯನ್ನು ಎರಡು ಕ್ಯಾಮರಾಗಳಿಂದಲೂ ತೆಗೆದೆವು. ೧೦ ಮೆಗಾಪಿಕ್ಸೆಲ್‌ನ ಚಿತ್ರದಲ್ಲಿ ಗೋಣಿಚೀಲದ ಎಳೆಗಳು ಕಂಡವು. ೪೮ರದರಲ್ಲಿ ಅದು ಗೋಣಿಚೀಲವೆಂಬುದೇ ತಿಳಿಯಲಿಲ್ಲ.

ಮುಂದಿನ ವಾರ ಅವಳು ನನಗೆ ಒಂದು ಚಿತ್ರವನ್ನು ಕಳುಹಿಸಿದಳು. ಕೆರೆಯ ತೂಬಿನ ಕಂಬದ ಮೇಲೆ ಮಿಂಚುಳ್ಳಿ ಕುಳಿತಿದೆ. ೫ ಪಟ್ಟಿನ ಜೂಮಿಗೆ ಅದು ದೂರವೇ. ಇಡೀ ಚಿತ್ರದಲ್ಲಿ ಹಕ್ಕಿ ಹೆಬ್ಬೆರಳ ಉಗುರಿನಷ್ಟಿದೆ. ಆದರೆ ಅದರ ಕೊಕ್ಕಿನಲ್ಲಿರುವುದು ಮೀನಲ್ಲ, ಒಂದು ಪುಟ್ಟ ಏಡಿ ಎಂಬುದನ್ನು ಎಣಿಸಬಹುದಾದ ಕಾಲುಗಳೇ ಹೇಳುತ್ತವೆ.