ಬರ್ಲಿನ್ ನಗರದ ಹೊಸ ರೈಲು ನಿಲ್ದಾಣ

ರೈಲು ನಿಲ್ದಾಣವೆಂದರೆ ಊರಿನ ಹೆಬ್ಬಾಗಿಲೆಂದು ನಾವು ಹೇಳುವುದುಂಟು. ಜರ್ಮನಿಯ ರಾಜಧಾನಿಯಾದ ಬರ್ಲಿನ್ನಿಗೆ ಬಹುಕಾಲ ಅಂಥ ಹೆಬ್ಬಾಗಿಲೊಂದಿರಲಿಲ್ಲ. ಚಿಕ್ಕ ದೊಡ್ಡ ಬಾಗಿಲುಗಳು ಹಲವಿದ್ದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೆ ಬೇರೆ ಕಂಪೆನಿಗಳವರು ತಮ್ಮ ತಮ್ಮ ಹಳಿಗಳನ್ನು ಊರಂಚಿಗೆ ತಂದು ಅಲ್ಲಿಯೇ ಮುಗಿಸಿಬಿಟ್ಟಿದ್ದರು. ಉತ್ತರದಿಂದ ಬಂದವನು ದಕ್ಷಿಣಕ್ಕೆ ಮುಂದುವರಿಯಬೇಕಾದರೆ ಗಂಟುಮೂಟೆಯೊಡನೆ ನಗರವನ್ನೇ ದಾಟಬೇಕಾಗಿತ್ತು. 1882ರಲ್ಲಿ ಕಮಾನುಗಳ ಮೇಲೆ ಹಾಯಿಸಿದ ದಾರಿಯಿಂದ ಪೂರ್ವ ಪಶ್ಚಿಮಗಳು ಕೂಡಿದುವು. ದೂರದ ಗಾಡಿಗಳಿಗೆ ಉತ್ತರ ದಕ್ಷಿಣಗಳು ಕೂಡಲಿಲ್ಲ.

1989ರಲ್ಲಿ ನಗರವನ್ನು ಸೀಳಿದ್ದ ಗೋಡೆಯು ಬಿದ್ದ ಮೇಲೆ ಈ ಕೊರತೆಯನ್ನು ನೀಗುವ ಕಾಲ ಬಂದಿತು. 1871ರ ಹಳೆಯ ನಿಲ್ದಾಣವೊಂದು ಯುದ್ಧದಲ್ಲಿ ಹಾಳಾಗಿ ಅಳಿದಿದ್ದ ಎಡೆಯಲ್ಲಿ, ಸ್ಪ್ರೇ ನದಿಯ ಬಳಿ, ಮೈನ್‌ಹಾರ್ಟ್ ಫಾನ್ ಗೆರ್ಕಾನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಹೊಸ ಕಟ್ಟಡವೆದ್ದು, 2006ನೆಯ ಮೇ 28ರಂದು ಗಾಡಿಗಳ ಸಂಚಾರಕ್ಕೆ ತೆರೆಯಿತು.

ಇದರ ಚೆಲುವೆಲ್ಲ ಇದರ ಪ್ರಯೋಜನದಿಂದಲೇ ಹುಟ್ಟಿದುದು. ಪೂರ್ವಪಶ್ಚಿಮದ ಹಳಿಗಳು ಬೀದಿಯಿಂದ ಸುಮಾರು 10 ಮೀಟರು ಮೇಲೆ. ಉತ್ತರದಕ್ಷಿಣದವು ಸುಮಾರು 15 ಮೀಟರು ಕೆಳಗೆ, ಸುರಂಗದಲ್ಲಿ. ನಡುವಣ ಅಂತಸ್ತುಗಳನ್ನು ಅಲ್ಲಲ್ಲಿ ತೆರವಾಗಿ ಬಿಟ್ಟಿರುವುದರಿಂದ ಗಾಜಿನ ಮಾಡಿನಿಂದಿಳಿದ ಹಗಲಿನ ಬೆಳಕು ಪಾತಾಳದ ಪ್ಲಾಟ್‌ಫಾರಮ್ಮಿಗೂ ಮುಟ್ಟುತ್ತದೆ. ಮೇಲಿನ ಹಳಿಗಳ ಮೇಲೆ ಸೇತುವೆಗಳಂತೆ ಎರಡು ಕಟ್ಟಡಗಳು ಅಡ್ಡಹಾಯ್ದಿವೆ. ಗಾಡಿಗಳ ಓಡಾಟವನ್ನು ಬಹುದಿನ ತಡೆಯುವಂತಿರಲಿಲ್ಲ. ಆದುದರಿಂದ ಒಂದೊಂದೂ ಸಾವಿರ ಟನ್ನಿಗೆ ಮಿಗಿಲಾದ ಉಕ್ಕಿನ ಚೌಕಟ್ಟುಗಳನ್ನು ಹಳಿಗಳ ಇಕ್ಕೆಲದಲ್ಲಿ ನೆಟ್ಟಗೆ ನಿಲ್ಲಿಸಿ, 2005ರ ಬೇಸಗೆಯಲ್ಲಿ, ಕೋಟೆಯ ತೂಗುಸೇತುವೆಯನ್ನು ಇಳಿಬಿಡುವಂತೆ ಮೆಲ್ಲನೆ ಬಾಗಿಸಿ ಜೋಡಿಸಿದರು. ಎಂಜಿನಿಯರರ ಧೈರ್ಯವನ್ನು ಮೆಚ್ಚದಿರಲಾರೆವು.

ಆದರೆ ಮಾಡಿನ ಕಥೆ ಬೇರೆ. ಮೇಲಿನ ಪ್ಲಾಟ್‌ಫಾರಮ್ಮುಗಳಿಗೆ 430 ಮೀಟರು ಉದ್ದದ ಗಾಜಿನ ಹೊದಿಕೆಯನ್ನು ಶಿಲ್ಪಿಯು ಯೋಜಿಸಿದ್ದನು. 2006ರ ಕಾಲ್ಚೆಂಡಿನ ವಿಶ್ವಪಂದ್ಯಗಳು ಸಮೀಪಿಸಿದ್ದುವು. ಕಾಲವೂ ಹಣವೂ ಉಳಿಯಲೆಂದು ರೈಲ್ವೆಯವರು ಅದನ್ನು 321 ಮೀಟರಿಗೆ ಮೊಟಕುಮಾಡಿದರು. ಕೆಳಗಿನ ಅಂತಸ್ತಿನಲ್ಲಿ ಕಮಾನಿನ ಚಾವಣಿಗೆ ಬದಲಾಗಿ ಚಪ್ಪಟೆಯದನ್ನು ಹಾಕಿಸಿದರು. ಶಿಲ್ಪಿಯು ಈ ಚಾವಣಿಯ ವಿಷಯವಾಗಿ ನ್ಯಾಯಾಲಯಕ್ಕೆ ಹೋದನು. ಕೃತಿಯು ವಿರೂಪಗೊಂಡಿತೆಂಬ ಅವನ ವಾದವನ್ನು ಬರ್ಲಿನ್ನಿನ ನ್ಯಾಯಾಲಯವು 2006ರ ನವೆಂಬರಿನಲ್ಲಿ ಒಪ್ಪಿತು. 2008ರಲ್ಲಿ ಎರಡು ಪಕ್ಷದವರೂ ರಾಜಿಯಾದರು. ಚಪ್ಪಟೆ ಚಾವಣಿ ಉಳಿಯಿತು.

ಕಲೆಗಾರನ ಹಕ್ಕನ್ನು ಕಾನೂನು ಕೇಳಿತು, ಸರಿಯೆ. ನಮಗೆ ತೋರುವಂತೆ ಹೆಚ್ಚಿನ ನಷ್ಟ ಮೊಟಕಾದ ಮಾಡಿನದು. ಅದನ್ನು ಕುರಿತು ದೂರು ಹೇಳಬೇಕಾದವನು ಪ್ರಯಾಣಿಕ, ಅವನಿಗೆ ವಕೀಲರಿರಲಿಲ್ಲ. ಉದ್ದನೆಯ ಗಾಡಿಗಳ ತುದಿಯ ಡಬ್ಬಿಗಳು ಇಂದಿಗೂ ಗಾಜಿನ ಮಾಡಿನಾಚೆಗೇ ನಿಲ್ಲುತ್ತವೆ.