ದುಡ್ಡು ದೊಡ್ಡಪ್ಪನ ಪಾಲು

‘ದುಡ್ಡೇ ದೊಡ್ಡಪ್ಪ’ ಎಂಬುದು ಹಿರಿಯರ ನುಡಿ. ಪರಸ್ಪರ ಅನುರಾಗದಿಂದ ಒಂದೇ ಸೂರಿನಡಿ ಸಂಸಾರ ಹೂಡಿದ ಇಬ್ಬರು ಸ್ತ್ರೀಯರ ಪಾಲಿಗೆ ಈ ಗಾದೆ ಬೇರೊಂದು ಅರ್ಥದಲ್ಲಿ ನಿಜವಾಗುತ್ತದೆ. ಅವರಲ್ಲೊಬ್ಬಳು ಕಣ್ಣು ಮುಚ್ಚಿದರೆ, ಅವಳು ಕೂಡಿಟ್ಟ ದುಡ್ಡು ಜೊತೆಗೆ ಬಾಳಿದವಳನ್ನು ಬಿಟ್ಟು, ದೂರದ ದೊಡ್ಡಪ್ಪನನ್ನು ಹುಡುಕಿಕೊಂಡು ಹೋಗಬಹುದು!

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಹೆಣ್ಣಿನ ದುಡಿಮೆ ಹೊಸದೇನಲ್ಲ. ಜಿಲ್ಲಾಕೇಂದ್ರದ ಸುತ್ತಲಿನ ಹೂವಿನ ತೋಟಗಳಲ್ಲಿ, ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆಯಲ್ಲಿ, ಗೌರಿಬಿದನೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ, ಚಿಂತಾಮಣಿಯ ಟೊಮೇಟೊ ಹೊಲಗಳಲ್ಲಿ ಸಹಸ್ರಾರು ಸ್ತ್ರೀಯರು ದುಡಿಯುತ್ತಿದ್ದಾರೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವವಳೊಬ್ಬಳು, ಗೌರಿಬಿದನೂರಿನಲ್ಲಿ ಅಂಗಿ ಹೊಲಿಯುವವಳೊಬ್ಬಳು. ಇಬ್ಬರೂ ಒಲಿದು ಒಂದು ಮನೆ ಹೂಡಿದ್ದಾರೆಂದು ಇಟ್ಟುಕೊಳ್ಳೋಣ. ಅವರ ಹಣದ ಗತಿಯೇನು?

ಮೊದಲನೆಯದು ಅನ್ನದ ಪ್ರಶ್ನೆ. 1987ರ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯ ಲೀಲಾ ಮತ್ತು ಊರ್ಮಿಳಾ ಎಂಬ ಇಬ್ಬರು ಮಹಿಳಾ ಪೇದೆಗಳು ಪರಸ್ಪರ ವಿವಾಹವಾದರು. ಮರುವರ್ಷವೇ ಇಬ್ಬರೂ ನೌಕರಿಯನ್ನು ಕಳೆದುಕೊಂಡರು. ಒಲವಿನ ಸುದ್ದಿ ಹೊರಬಿದ್ದ ದಿನವೇ ಸಂಬಳ ನಿಲ್ಲಬಹುದೆಂಬ ಭಯ ಇಂದಿಗೂ ಅನೇಕರನ್ನು ಮೌನವಾಗಿರಿಸಿದೆ. ತವರಿನ ಆಸ್ತಿಯಾದರೂ ಉಂಟೇ? ಕರ್ನಾಟಕದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರಿಂದಲೂ ಹಿಂದೂ ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲನ್ನು ಕಾನೂನು ಕೊಟ್ಟಿದೆ. ಆದರೆ ಮನೆಯವರ ಮನಸ್ಸಿಗೆ ವಿರುದ್ಧವಾಗಿ ಹೊರಟು ಬಂದವಳು ಪಾಲು ಕೇಳುವ ಧೈರ್ಯ ಮಾಡುವುದು ಅಪರೂಪ. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುವುದೇ ಸುಲಭವೆನಿಸೀತು. ಆದರೆ ಒಮ್ಮೆ ಹಾಕಿದ ಸಹಿಯನ್ನು ಅಳಿಸುವುದು ಸುಲಭವಲ್ಲ.

ಕಾಲ ಬದಲಾಗಿಲ್ಲವೆಂದಲ್ಲ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಲಿಂಗಾನುರಾಗವು ಅಪರಾಧವಲ್ಲವೆಂದು ಸಾರಿತು. ಆದರೆ 2023ರ ಅಕ್ಟೋಬರ್ 17ರಂದು, ಇಂಥ ಜೋಡಿಗಳಿಗೆ ವಿವಾಹದ ಮಾನ್ಯತೆ ನೀಡುವುದು ಶಾಸನಸಭೆಯ ಕೆಲಸವೆಂದು ಅದೇ ನ್ಯಾಯಾಲಯ ತೀರ್ಮಾನಿಸಿತು. 2024ರ ಆಗಸ್ಟ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯವು, ಸಲಿಂಗ ಸಂಗಾತಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿಯಾಗಿ ಸೂಚಿಸಲು ಯಾವ ಅಡ್ಡಿಯೂ ಇಲ್ಲವೆಂದು ಸ್ಪಷ್ಟಪಡಿಸಿತು. ಪಡಿತರ ಚೀಟಿಗಾಗಿ ಅವರನ್ನು ಒಂದೇ ಕುಟುಂಬವೆಂದು ಪರಿಗಣಿಸಬೇಕೆಂದು ರಾಜ್ಯಗಳಿಗೂ ಸೂಚನೆ ಹೋಯಿತು. ಇದು ಸಣ್ಣ ಸಂಗತಿಯಲ್ಲ. 2023ರ ಆಗಸ್ಟ್‌ನಲ್ಲಿ ಆರಂಭವಾದ ರಾಜ್ಯದ ಗೃಹಲಕ್ಷ್ಮಿ ಯೋಜನೆಯು ತಿಂಗಳಿಗೆ 2,000 ರೂಪಾಯಿಯನ್ನು ಗೊತ್ತುಮಾಡಿದ್ದು ಪಡಿತರ ಚೀಟಿಯಲ್ಲಿ ‘ಯಜಮಾನಿ’ಯೆಂದು ನಮೂದಾದ ಹೆಣ್ಣಿಗೆ. ಹೆಸರು ತವರಿನ ಚೀಟಿಯಲ್ಲೇ ಉಳಿದವಳು, ತನ್ನ ಮನೆಗೆ ತಾನೇ ಯಜಮಾನಿಯಾದರೂ, ಕಾಗದದ ಮೇಲೆ ಯಜಮಾನಿಯಲ್ಲ.

ನಾಮಿನಿಯ ಹೆಸರು ಬರೆಸಿದೊಡನೆ ಎಲ್ಲವೂ ಮುಗಿಯಿತೆಂದು ನೆಮ್ಮದಿಯಾಗಿರುವವರು ಬಹುಮಂದಿ. ಇಲ್ಲಿಯೇ ಇದೆ ಮೋಸ! ನಾಮಿನಿಯೆಂದರೆ ಹಣವನ್ನು ಕೈಗೆ ತೆಗೆದುಕೊಳ್ಳುವವಳೇ ಹೊರತು ಅದರ ಒಡತಿಯಲ್ಲ. ಜೀವವಿಮೆಯ ವಿಷಯದಲ್ಲಿ 1984ರಲ್ಲಿಯೂ, ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳಿತು. 2015ರ ತಿದ್ದುಪಡಿಯು ವಿಮೆಯ ಹಣವನ್ನು ನಾಮಿನಿಗೇ ಸೇರಿಸಿತು, ನಿಜ; ಆದರೆ ಆ ಅನುಕೂಲ ತಂದೆತಾಯಿ, ಪತಿ ಅಥವಾ ಪತ್ನಿ ಮತ್ತು ಮಕ್ಕಳಿಗೆ ಮಾತ್ರ.

ಹಾಗಾದರೆ ಒಡೆಯರು ಯಾರು? 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲು ಬರೆಯದೆ ತೀರಿಕೊಂಡ ಅವಿವಾಹಿತೆಯ ಗಳಿಕೆಯು, ಮಕ್ಕಳಿಲ್ಲದಿದ್ದರೆ, ತಂದೆತಾಯಿಗೆ; ಅವರಿಲ್ಲದಿದ್ದರೆ ತಂದೆಯ ವಾರಸುದಾರರಾದ ಒಡಹುಟ್ಟಿದವರಿಗೆ; ಹತ್ತಿರದವರು ಯಾರೂ ಇಲ್ಲದಿದ್ದರೆ ದೊಡ್ಡಪ್ಪ ಚಿಕ್ಕಪ್ಪಂದಿರವರೆಗೂ ಹೋಗುತ್ತದೆ. ಹಿರಿಯರ ಬಲವಂತಕ್ಕೆ ತಾಳಿ ಕಟ್ಟಿಸಿಕೊಂಡು, ಆಮೇಲೆ ವಿಚ್ಛೇದನವಿಲ್ಲದೆ ಹೊರಬಂದವಳ ಪಾಡು ಇನ್ನೂ ವಿಚಿತ್ರ. ಮಕ್ಕಳಿಲ್ಲದ ಅವಳ ಸ್ವಂತ ಗಳಿಕೆಗೆ ಮೊದಲ ವಾರಸುದಾರ ಅದೇ ಗಂಡ. ಅವನಿಲ್ಲದಿದ್ದರೆ ಅವನ ಕಡೆಯವರು. ಹೆತ್ತ ತಾಯಿಯ ಸರದಿ ಆಮೇಲೆ! ಅತ್ತೆಮನೆಯವರು ಹೊರದೂಡಿದ ವಿಧವೆಯೊಬ್ಬಳ ಸ್ವಯಾರ್ಜಿತ ಹಣವೂ ಗಂಡನ ಕಡೆಯವರಿಗೇ ಸಲ್ಲಬೇಕೆಂದು 2009ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಈ ಸಾಲಿನಲ್ಲೆಲ್ಲೂ ಸಂಗಾತಿಗೆ ಸ್ಥಾನವಿಲ್ಲ.

ಬದುಕಿರುವಾಗಲೇ ಕೊಟ್ಟುಬಿಡೋಣವೆಂದರೆ ತೆರಿಗೆಯ ಕಾಟ. ಗಂಡ ಹೆಂಡತಿಗೆ ಎಷ್ಟು ಕೊಟ್ಟರೂ ಪಡೆದವಳಿಗೆ ಅದು ಆದಾಯವಲ್ಲ. ಸಂಬಂಧಿಯಲ್ಲದವರು ಕೊಟ್ಟದ್ದು ವರ್ಷಕ್ಕೆ 50,000 ರೂಪಾಯಿ ಮೀರಿದರೆ ಅದಷ್ಟೂ ಆದಾಯವೆನಿಸುತ್ತದೆ. ಇಂಥ ತೊಡಕು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ಎಡಿತ್ ವಿಂಡ್ಸರ್ ಎಂಬಾಕೆ ನಾಲ್ಕು ದಶಕಗಳಿಗೂ ಮಿಕ್ಕಿ ಜೊತೆಗೆ ಬಾಳಿದ ಥಿಯಾ ಸ್ಪೈಯರ್ 2009ರಲ್ಲಿ ತೀರಿಕೊಂಡಾಗ, 3,63,053 ಡಾಲರುಗಳ ತೆರಿಗೆ ಕಟ್ಟಬೇಕಾಯಿತು. ಕೆನಡಾದಲ್ಲಿ ಅವರಿಬ್ಬರೂ ವಿವಾಹವಾಗಿದ್ದರೂ ಅಮೆರಿಕದ ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ಆಕೆ ದಾವೆ ಹೂಡಿ 2013ರ ಜೂನ್ 26ರಂದು ಜಯಗಳಿಸಿದರು.

ನ್ಯಾಯಾಲಯದ ಮೆಟ್ಟಿಲು ಹತ್ತುವ ಶಕ್ತಿ ಎಲ್ಲರಿಗೂ ಇರದು. ಆದರೆ ಉಯಿಲು ಬರೆಯಲು ಸಿರಿತನ ಬೇಡ. ಅದಕ್ಕೆ ಮುದ್ರಾಂಕ ಕಾಗದ ಬೇಕಿಲ್ಲ; ಬಿಳಿಯ ಹಾಳೆ ಸಾಕು. ಸ್ವಸ್ಥಚಿತ್ತಳಾದ ವಯಸ್ಕಳು ತನ್ನ ಸ್ವಂತದ್ದನ್ನು ಯಾರಿಗೆ ಸೇರಬೇಕೆಂದು ಬರೆದು ಸಹಿ ಹಾಕಬೇಕು. ಇಬ್ಬರು ಸಾಕ್ಷಿಗಳು ಅದಕ್ಕೆ ಸಹಿ ಹಾಕಬೇಕು. ಪಡೆಯಬೇಕಾದವಳು ತಾನೇ ಸಾಕ್ಷಿಯಾಗದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲ; ಆದರೂ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಮಾಡಿಸಿಟ್ಟರೆ ಮುಂದಿನ ತಕರಾರಿಗೆ ಬಲವಾದ ಉತ್ತರವಾಗುತ್ತದೆ. ಉಯಿಲಿನಿಂದ ಬಂದ ಹಣಕ್ಕೆ ಮೇಲೆ ಹೇಳಿದ ತೆರಿಗೆಯೂ ಇಲ್ಲ. ಮನೆ, ನಿವೇಶನ ಕೊಳ್ಳುವಾಗ ಕ್ರಯಪತ್ರದಲ್ಲಿ ಇಬ್ಬರ ಹೆಸರೂ, ಪ್ರತಿಯೊಬ್ಬಳ ಪಾಲೂ ನಮೂದಾಗಿರಲಿ.

ಮೂರು ಗಂಟು ಬಿದ್ದೊಡನೆ ಗಂಡಹೆಂಡಿರಿಗೆ ತಾನಾಗಿ ಒದಗುವ ಹಕ್ಕುಗಳನ್ನು ಈ ಇಬ್ಬರು ಒಂದೊಂದಾಗಿ ಕಾಗದದಲ್ಲಿ ಬರೆದು ಗಳಿಸಿಕೊಳ್ಳಬೇಕಾಗಿದೆ. ಇದು ನ್ಯಾಯವೇ ಎಂಬ ಪ್ರಶ್ನೆಗೆ ಶಾಸನಸಭೆ ಎಂದಾದರೂ ಉತ್ತರ ಕೊಡಲೇಬೇಕು. ಅಲ್ಲಿಯವರೆಗೆ, ಬೆವರು ಸುರಿಸಿ ಗಳಿಸಿದ ಹಣ ಬಯಸಿದವಳ ಕೈಸೇರಬೇಕಾದರೆ, ಆರೋಗ್ಯವಾಗಿರುವಾಗಲೇ ಉಯಿಲು ಬರೆದಿಡುವುದೊಂದೇ ದಾರಿ.