ಗೇಟಿನ ರಿಮೋಟ್: ಜೋಡಣೆ ಮತ್ತು ಜೋಪಾನ

ಮಳೆಯಲ್ಲಿ ಕಾರು ನಿಲ್ಲಿಸಿ, ಇಳಿದು ಗೇಟಿನ ಚಿಲಕ ತೆಗೆದು, ಮತ್ತೆ ಹತ್ತಿ ಒಳಗೆ ಬಂದು, ಮತ್ತೆ ಇಳಿದು ಗೇಟು ಹಾಕುವ ಕಷ್ಟವನ್ನು ಶಿವಮೊಗ್ಗದವರಿಗೆ ಯಾರೂ ವರ್ಣಿಸಬೇಕಾಗಿಲ್ಲ. ಅಮೆರಿಕದಲ್ಲಿ ಮನೆಗೆ ಅಂಟಿಕೊಂಡ ಗ್ಯಾರೇಜಿನ ಬಾಗಿಲು ಗುಂಡಿ ಒತ್ತಿದೊಡನೆ ಮೇಲೇಳುವುದನ್ನು ಸಿನಿಮಾದಲ್ಲಿ ನೋಡಿದ್ದೇವೆ. ನಮ್ಮಲ್ಲಿ ಅದರ ಅವತಾರ ಬೇರೆ. ವಿನೋಬನಗರ, ರಾಜೇಂದ್ರನಗರಗಳ ಮನೆಗಳಲ್ಲಿ ಅದು ಹಳಿಯ ಮೇಲೆ ಜಾರುವ ಕಬ್ಬಿಣದ ಗೇಟು. ದುರ್ಗಿಗುಡಿ, ಗಾಂಧಿಬಜಾರ್ ಅಂಗಡಿಗಳಲ್ಲಿ ಸುತ್ತಿಕೊಳ್ಳುವ ರೋಲಿಂಗ್ ಶಟರ್. ಒಳಗಿನ ವಿಜ್ಞಾನ ಮಾತ್ರ ಒಂದೇ.

ಭದ್ರಾವತಿಯಲ್ಲಿರುವ ನನ್ನ ಅಕ್ಕನ ಮನೆಗೆ ಇಂಥದೊಂದು ಗೇಟು ಹಾಕಿಸಲು ಸಲಹೆ ಕೊಟ್ಟವನು ನಾನೇ. ಭೌತವಿಜ್ಞಾನ ಪಾಠ ಹೇಳುವ ತಮ್ಮನ ಮಾತಿಗೆ ಅಕ್ಕ ಬೆಲೆ ಕೊಟ್ಟಳು. ಮುಂದೆ ಆದದ್ದನ್ನು ಆಮೇಲೆ ಹೇಳುತ್ತೇನೆ. ಮೊದಲು ರಿಮೋಟನ್ನು ಬಿಚ್ಚಿ ನೋಡೋಣ.

ಟಿ.ವಿ. ರಿಮೋಟ್ ಅವಕೆಂಪು ಬೆಳಕನ್ನು ಬಳಸುತ್ತದೆ. ಅಡ್ಡ ಕೈ ಹಿಡಿದರೆ ಅದು ಕೆಲಸ ಮಾಡದು. ಗೇಟಿನ ರಿಮೋಟ್ ಬಳಸುವುದು ರೇಡಿಯೋ ತರಂಗಗಳನ್ನು. ಅಂದರೆ ನಿಮ್ಮ ಅಂಗೈಯಲ್ಲಿ ಇರುವುದು ಒಂದು ಪುಟ್ಟ ಬಾನುಲಿ ಕೇಂದ್ರ. ನಮ್ಮ ಭಾಗದವರು ದಶಕಗಳ ಕಾಲ 675 ಕಿಲೋಹರ್ಟ್ಸ್‌ನಲ್ಲಿ ಕೇಳಿದ ಭದ್ರಾವತಿ ಆಕಾಶವಾಣಿಯೊಂದಿಗೆ ಇದನ್ನು ಹೋಲಿಸಿ. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. ಆಕಾಶವಾಣಿಯ ಆ ಅಲೆಯ ಉದ್ದ ಸುಮಾರು 444 ಮೀಟರ್. ಗೇಟಿನ ರಿಮೋಟುಗಳಲ್ಲಿ ಬಹಳಷ್ಟು 433.92 ಮೆಗಾಹರ್ಟ್ಸ್‌ನವು, ಅವುಗಳ ಅಲೆ ಕೇವಲ 69 ಸೆಂಟಿಮೀಟರ್. ಆಂಟೆನಾ ಈ ಉದ್ದದ ಕಾಲು ಭಾಗ ಇದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆಕಾಶವಾಣಿಗೆ ಎತ್ತರದ ಕಂಬ ಬೇಕು. ಗೇಟಿನ ಗ್ರಾಹಕಕ್ಕೆ 17.3 ಸೆಂಟಿಮೀಟರ್ ತಂತಿ ಸಾಕು. ಮೋಟಾರಿನ ಪೆಟ್ಟಿಗೆಯಿಂದ ಜೋತುಬಿದ್ದಿರುವ, ಅನಾಥವಾಗಿ ಕಾಣುವ ಆ ತುಂಡು ತಂತಿಯನ್ನು 'ಹೆಚ್ಚಾಯಿತು' ಎಂದು ಕತ್ತರಿಸುವವರು, ಸುರುಳಿ ಸುತ್ತಿ ಒಳಗೆ ತುರುಕುವವರು ಇದ್ದಾರೆ. ಹಾಗೆ ಮಾಡಬೇಡಿ. ಅದು ನೆಟ್ಟಗೆ, ಕಬ್ಬಿಣದಿಂದ ದೂರವಾಗಿ ಇರಬೇಕು.

ರಿಮೋಟ್ ಹೊರಸೂಸುವ ಶಕ್ತಿ ಮಿಲಿವಾಟ್‌ಗಳ ಲೆಕ್ಕದ್ದು. ಆದ್ದರಿಂದ ಅದರ ಮಾತು ಕೆಲವು ಹತ್ತು ಮೀಟರ್ ದಾಟುವುದಿಲ್ಲ. ಅದು ಹೇಳುವುದಾದರೂ ಏನು? ಒಂದು ಸಂಖ್ಯೆ, ಅಷ್ಟೆ. ಅಲೆಯನ್ನು ಬೇಗ ಬೇಗ ಹೊತ್ತಿಸಿ ಆರಿಸಿ, ಸೊನ್ನೆ ಮತ್ತು ಒಂದುಗಳ ಸಾಲೊಂದನ್ನು ಅದು ಕಳಿಸುತ್ತದೆ. ಗ್ರಾಹಕ ತನ್ನ ನೆನಪಿನಲ್ಲಿರುವ ಸಂಖ್ಯೆಯೊಂದಿಗೆ ಅದನ್ನು ತಾಳೆ ನೋಡುತ್ತದೆ. ಸರಿಹೊಂದಿದರೆ ಮೋಟಾರು ತಿರುಗುತ್ತದೆ.

ಹಳೆಯ ಮಾದರಿಗಳಲ್ಲಿ ಈ ಸಂಖ್ಯೆ ಎಂದಿಗೂ ಬದಲಾಗದು. ರಿಮೋಟಿನೊಳಗಿನ ಪುಟ್ಟ ಸ್ವಿಚ್ಚುಗಳ ಸಾಲನ್ನು ಗ್ರಾಹಕದೊಳಗಿನ ಸಾಲಿನಂತೆಯೇ ಇಟ್ಟರೆ ಜೋಡಣೆ ಮುಗಿಯಿತು. 12 ಸ್ವಿಚ್ಚುಗಳಿದ್ದರೆ 4096 ಸಂಖ್ಯೆಗಳು ಸಾಧ್ಯ. ಇಷ್ಟನ್ನೂ ಒಂದೊಂದಾಗಿ ಹೇಳಿ ನೋಡಲು ಕಳ್ಳನಿಗೆ ವೇಳೆ ಹಿಡಿಯುತ್ತದೆ ಎಂದು ನಾವು ನಂಬಿದ್ದೆವು. 2015ರಲ್ಲಿ ಅಮೆರಿಕದ ಸ್ಯಾಮಿ ಕಾಮ್ಕರ್ ಮಕ್ಕಳ ಆಟಿಕೆಯೊಂದನ್ನು ತುಸು ಮಾರ್ಪಡಿಸಿ, ಇಂಥ ಗ್ಯಾರೇಜ್ ಬಾಗಿಲುಗಳನ್ನು ಸುಮಾರು 8 ಸೆಕೆಂಡುಗಳಲ್ಲಿ ತೆರೆಯಬಹುದೆಂದು ತೋರಿಸಿದರು.

ಅದು ಹೇಗೆ ಸಾಧ್ಯ? ಉತ್ತರ ಕನ್ನಡ ಪಾಠದ ಛಂದಸ್ಸಿನಲ್ಲಿದೆ! ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿದ 'ಯಮಾತಾರಾಜಭಾನಸಲಗಂ' ನೆನಪಿದೆಯೆ? ಅಕ್ಷರಗಣಗಳು ಎಂಟು, ಒಂದೊಂದಕ್ಕೆ ಮೂರು ಅಕ್ಷರ. ಬಿಡಿಬಿಡಿಯಾಗಿ ಬರೆದರೆ 24 ಅಕ್ಷರಗಳು ಬೇಕು. ಆದರೆ ಈ ಸೂತ್ರದಲ್ಲಿ ಇರುವುದು ಹತ್ತೇ ಅಕ್ಷರ. 'ಯಮಾತಾ' ಎಂದರೆ ಯಗಣ, ಒಂದಕ್ಷರ ಮುಂದೆ ಸರಿದು 'ಮಾತಾರಾ' ಎಂದರೆ ಮಗಣ, 'ತಾರಾಜ' ಎಂದರೆ ತಗಣ. ಒಂದು ಗಣದ ಬಾಲವೇ ಮುಂದಿನ ಗಣದ ತಲೆ. ಲಘುವನ್ನು ಸೊನ್ನೆ, ಗುರುವನ್ನು ಒಂದು ಎಂದುಕೊಳ್ಳಿ. ನಿಮ್ಮ ಮುಂದೆ ದ್ವಿಮಾನ ಸಂಖ್ಯೆಗಳ ಸಾಲು ಸಿದ್ಧ. ಅಗ್ಗದ ಗ್ರಾಹಕಗಳು ಸಂಖ್ಯೆ ಎಲ್ಲಿ ಆರಂಭವಾಯಿತು ಎಂದು ನೋಡುವುದಿಲ್ಲ. ಕೊನೆಗೆ ಬಂದ 12 ಅಂಕಗಳು ಸರಿಯೆ ಎಂದಷ್ಟೇ ನೋಡುತ್ತವೆ. ಹೀಗಾಗಿ 4096 ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಹೇಳಲು 49,152 ಅಂಕಗಳು ಬೇಕಾದರೆ, ಛಂದಸ್ಸಿನ ಜಾಣತನದಿಂದ 4,107 ಅಂಕಗಳಲ್ಲಿ ಕೆಲಸ ಮುಗಿಯುತ್ತದೆ. ಗಣಿತಜ್ಞರು ಇದಕ್ಕೆ ಡಿ ಬ್ರೌನ್ ಶ್ರೇಣಿ ಎನ್ನುತ್ತಾರೆ.

ಇಪ್ಪತ್ತು ಅಂಕಗಳ ಸಂಖ್ಯೆ ಇದ್ದರೆ ಹತ್ತು ಲಕ್ಷಕ್ಕೂ ಮಿಕ್ಕಿ ಸಾಧ್ಯತೆಗಳಿವೆ, ನಿಜ. ಆದರೂ ಅದು ಬದಲಾಗದ ಸಂಖ್ಯೆಯಾಗಿದ್ದರೆ ಒಮ್ಮೆ ಆಲಿಸಿ ನಕಲು ಮಾಡಬಹುದು. ಅಂಗಡಿಯಲ್ಲಿ ನಿಮಿಷದಲ್ಲಿ ನಕಲಿ ರಿಮೋಟ್ ಮಾಡಿಕೊಟ್ಟರೆ ಸಂತೋಷಪಡುವ ಬದಲು ಯೋಚಿಸಿ.

ಇದಕ್ಕೆ ಪರಿಹಾರವಾಗಿ ಬಂದದ್ದು ಉರುಳು ಸಂಕೇತ. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡ ಕೀಲಾಕ್ ಇವುಗಳಲ್ಲಿ ಪ್ರಸಿದ್ಧ; 1995ರಲ್ಲಿ ಅದನ್ನು ಮೈಕ್ರೋಚಿಪ್ ಕಂಪನಿ ಕೊಂಡಿತು. ಚೆಕ್ ಪುಸ್ತಕದ ಹಾಗೆ ಇದು. ಪ್ರತಿ ಸಲ ಒತ್ತಿದಾಗಲೂ ರಿಮೋಟಿನ ಎಣಿಕೆ ಒಂದು ಹೆಚ್ಚುತ್ತದೆ. ಆ ಎಣಿಕೆ ಗೂಢಲಿಪಿಯಲ್ಲಿ ಹೋಗುತ್ತದೆ. ಒಮ್ಮೆ ನಗದಾದ ಚೆಕ್ ಮತ್ತೆ ನಡೆಯದು. ಕದ್ದು ಕೇಳಿದವನ ಕೈಯಲ್ಲಿ ಉಳಿಯುವುದು ಹಳೆಯ ಹಾಳೆ. ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದವರು 2008ರಲ್ಲಿ ಕೀಲಾಕ್‌ನ ಗುಟ್ಟನ್ನೂ ಹೊರತೆಗೆದರೆಂಬುದು ಬೇರೆ ಮಾತು. ಆದರೂ ಬದಲಾಗದ ಸಂಖ್ಯೆಗಿಂತ ಇದು ಎಷ್ಟೋ ಮೇಲು. ಕೊಳ್ಳುವಾಗ ಕೇಳಿ ಇದನ್ನೇ ತೆಗೆದುಕೊಳ್ಳಿ.

ಒಂದು ಸಲ ಅಕ್ಕನ ಗೇಟಿನ ರಿಮೋಟ್ ನನ್ನ ಜೇಬಿನಲ್ಲಿ ಶಿವಮೊಗ್ಗಕ್ಕೆ ಬಂದುಬಿಟ್ಟಿತು. ಮೊಮ್ಮಗನಿಗೆ ಅದು ಆಟಿಕೆಯಾಯಿತು. ದೀಪ ಮಿನುಗುತ್ತದಲ್ಲ, ಮೂವತ್ತು ನಲವತ್ತು ಸಲ ಒತ್ತಿರಬೇಕು. ಇಪ್ಪತ್ತು ಕಿಲೋಮೀಟರ್ ಆಚೆ ಭದ್ರಾವತಿಯ ಗೇಟಿಗೆ ಇದೇನೂ ಕೇಳಿಸಲಿಲ್ಲ. ಮರುದಿನ ಅಲ್ಲಿ ಹೋಗಿ ಒತ್ತಿದರೆ ಗೇಟು ಸುಮ್ಮನೆ! ಮತ್ತೊಮ್ಮೆ ಒತ್ತಿದಾಗ ತೆರೆಯಿತು. ಕಾರಣ ಸರಳ. ಕೀಲಾಕ್ ಮಾದರಿಯಲ್ಲಿ ಎಣಿಕೆ 16 ಹೆಜ್ಜೆಗಳೊಳಗೆ ಮುಂದಿದ್ದರೆ ಗ್ರಾಹಕ ಆಕ್ಷೇಪಿಸುವುದಿಲ್ಲ. ಅದಕ್ಕಿಂತ ಹೆಚ್ಚಿದ್ದು, 32,768ರ ಒಳಗಿದ್ದರೆ, ಒಂದರ ಹಿಂದೊಂದು ಎರಡು ಎಣಿಕೆಗಳು ಬಂದ ಮೇಲಷ್ಟೇ ನಂಬುತ್ತದೆ. ಇಂಥ ಸಂದರ್ಭದಲ್ಲಿ ರಿಮೋಟ್ ಕೆಟ್ಟಿತೆಂದು ಹೊಸದು ಕೊಳ್ಳಬೇಕಾಗಿಲ್ಲ.

ಜೋಡಿಸುವ ಕ್ರಮ ಬಹುತೇಕ ಮಾದರಿಗಳಲ್ಲಿ ಒಂದೇ. ಗ್ರಾಹಕದ 'ಕಲಿಕೆ' ಗುಂಡಿ ಒತ್ತಿ, ದೀಪ ಹತ್ತಿದಾಗ ರಿಮೋಟ್ ಒತ್ತಿದರೆ ಪರಿಚಯವಾಗುತ್ತದೆ. ಅದೇ ಗುಂಡಿಯನ್ನು ಹಲವು ಸೆಕೆಂಡು ಒತ್ತಿ ಹಿಡಿದರೆ ನೆನಪೆಲ್ಲ ಅಳಿಯುತ್ತದೆ. ಕೆಲಸದವರು ಗೇಟು ಜೋಡಿಸಿ ಹೋದ ಮೇಲೆ, ಅಥವಾ ಒಂದು ರಿಮೋಟ್ ಕಳೆದುಹೋದಾಗ, ಎಲ್ಲವನ್ನೂ ಅಳಿಸಿ ನಿಮ್ಮ ಕೈಯಲ್ಲಿ ಇರುವವನ್ನು ಮಾತ್ರ ಮತ್ತೆ ಕಲಿಸಿ.

ರಿಮೋಟಿನ ದೂರ ಕಡಿಮೆಯಾಗುತ್ತ ಬಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಬೆರಳಿನ ತುದಿಯಷ್ಟಿರುವ 12 ವೋಲ್ಟ್ ಬ್ಯಾಟರಿಯೊಳಗೆ ಒಂದೂವರೆ ವೋಲ್ಟಿನ ಎಂಟು ಗುಂಡಿಕೋಶಗಳು ಸಾಲಾಗಿ ಕೂತಿರುತ್ತವೆ. ಒಂದು ಬಳಲಿದರೂ ಸಾಲಿನ ಒಳರೋಧ ಏರುತ್ತದೆ. ಮೀಟರಿನಲ್ಲಿ 11 ವೋಲ್ಟ್ ತೋರಿಸಿದ ಬ್ಯಾಟರಿ ಗುಂಡಿ ಒತ್ತಿದ ಕ್ಷಣದಲ್ಲಿ ಕುಸಿಯಬಹುದು. ದೀಪ ಹತ್ತಿತು ಎಂಬುದು ಪುರಾವೆಯಲ್ಲ. ಬ್ಯಾಟರಿ ಹೊಸದಾದರೂ ಸಮಸ್ಯೆ ಉಳಿದರೆ, ಗೇಟಿನ ಕಂಬದ ಎಲ್‌ಇಡಿ ದೀಪ ಆರಿಸಿ ನೋಡಿ. ಕೆಲವು ಅಗ್ಗದ ದೀಪಗಳೊಳಗಿನ ಮಂಡಲ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಆ ಗದ್ದಲದಲ್ಲಿ ರಿಮೋಟಿನ ಪಿಸುಮಾತು ಮುಳುಗುತ್ತದೆ.

ಈಗ ಅಕ್ಕನ ಮನೆಯ ಮಾತು. ಒಂದು ಜೂನ್ ರಾತ್ರಿ, ಜೋರು ಮಳೆ, ಕರೆಂಟಿಲ್ಲ. ಭಾವನಿಗೆ ಎದೆನೋವು. ಆಂಬುಲೆನ್ಸ್ ಬಂದು ಗೇಟಿನ ಆಚೆ ನಿಂತಿತು. ಮನೆಯ ಇನ್ವರ್ಟರ್ ದೀಪ ಫ್ಯಾನುಗಳಿಗಿತ್ತು, ಗೇಟಿಗಿರಲಿಲ್ಲ. ನೆರೆಯ ನಾಲ್ಕು ಗಂಡಸರು ಸೇರಿ ನೂಕಿದರೂ ಗೇಟು ಅಲುಗಲಿಲ್ಲ. ಅಲುಗುವಂತೆಯೂ ಇಲ್ಲ. ಇಂಥ ಮೋಟಾರುಗಳಲ್ಲಿ ತಿರುಪಿನಂಥ ಹಲ್ಲುಚಕ್ರ ಇರುತ್ತದೆ. ತಿರುಪು ಚಕ್ರವನ್ನು ತಿರುಗಿಸಬಲ್ಲದು. ಚಕ್ರ ತಿರುಪನ್ನು ತಿರುಗಿಸಲಾರದು, ಘರ್ಷಣೆ ಬಿಡುವುದಿಲ್ಲ. ಕಳ್ಳನನ್ನು ತಡೆಯುವ ಈ ಗುಣವೇ ಅಂದು ವೈದ್ಯರನ್ನೂ ತಡೆಯಿತು. ಮೋಟಾರಿನ ಬದಿಯ ಕಿಂಡಿಗೆ ಒಂದು ಚಿಕ್ಕ ಬೀಗದಕೈ ಹಾಕಿ ತಿರುಗಿಸಿದರೆ ಹಲ್ಲು ಬಿಟ್ಟುಕೊಳ್ಳುತ್ತದೆ, ಗೇಟು ಕೈಯಲ್ಲೇ ಸರಿಯುತ್ತದೆ. ಆ ಬೀಗದಕೈ ಮೋಟಾರು ಬಂದ ರಟ್ಟಿನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಅಟ್ಟದ ಮೇಲಿತ್ತು. ಹುಡುಕಿ ತರಲು ಹದಿನೈದು ನಿಮಿಷ ಹಿಡಿಯಿತು. ಭಾವ ಉಳಿದರು. ಆದರೆ ಗೇಟು ಹಾಕಿಸಿದ ದಿನ ಪಕ್ಕದಲ್ಲೇ ನಿಂತಿದ್ದ ನಾನು ರಿಮೋಟಿನ ಆವೃತ್ತಿ ಕೇಳಿದ್ದೆ, ಬೀಗದಕೈ ಎಲ್ಲಿದೆ ಎಂದು ಕೇಳಿರಲಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಗೇಟಿದ್ದರೆ ಈ ವಾರವೇ ಕರೆಂಟು ಆರಿಸಿ, ಬೀಗದಕೈಯಿಂದ ಬಿಡಿಸಿ, ಕೈಯಲ್ಲಿ ತಳ್ಳಿ ನೋಡಿ. ಮನೆಯ ಹಿರಿಯರಿಂದಲೂ ಮಾಡಿಸಿ. ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಕಬ್ಬಿಣದ ಊರಿನ ಗೇಟು ಹಗುರವಾಗಿರುತ್ತದೆಯೆ? ಅಕ್ಕನ ಮನೆಯದು 300 ಕಿಲೋಗ್ರಾಂ ಇದ್ದೀತು. ಆದರೂ ಗಾಲಿ, ಹಳಿ ಚೆನ್ನಾಗಿದ್ದರೆ ತೂಕದ ನೂರರಲ್ಲಿ ಎರಡು ಮೂರು ಭಾಗದಷ್ಟು ಬಲ ಸಾಕು, ಒಂದೇ ಕೈಯಲ್ಲಿ ಸರಿಯಬೇಕು. ಸರಿಯದಿದ್ದರೆ ಹಳಿಯಲ್ಲಿ ಮಣ್ಣು ಕೂತಿದೆ, ಇಲ್ಲವೆ ಗಾಲಿಯ ಬೇರಿಂಗ್ ತುಕ್ಕು ಹಿಡಿದಿದೆ. ಅದನ್ನು ಸರಿಪಡಿಸದೆ ಮೋಟಾರಿನ ಬಲದ ತಿರುಪನ್ನು ಏರಿಸುವುದು ಅಪಾಯ. ಏಕೆಂದರೆ ಅಡ್ಡ ಬಂದದ್ದನ್ನು ತಾಗಿದಾಗ ಮೋಟಾರು ನಿಲ್ಲುವುದು ಆ ಬಲದ ಮಿತಿಯಿಂದಲೇ. ತಾಗುವುದು ಮಗುವೂ ಆಗಿರಬಹುದು.

ಮಗುವಿನ ಮಾತು ಬಂದುದರಿಂದ ಹೇಳುತ್ತೇನೆ: 'ಕಣ್ಣು' ಇಲ್ಲದ ಗೇಟು, ಶಟರುಗಳನ್ನು ಹಾಕಿಸಬೇಡಿ. ಎರಡು ಕಂಬಗಳ ನಡುವೆ ಹರಿಯುವ ಅವಕೆಂಪು ಕಿರಣ ಕಡಿದರೆ ಮುಚ್ಚುತ್ತಿರುವ ಬಾಗಿಲು ಹಿಂದಿರುಗುತ್ತದೆ. ಗ್ಯಾರೇಜ್ ಬಾಗಿಲಿನಡಿ ಮಕ್ಕಳು ಸಿಕ್ಕಿ ಸತ್ತ ಮೇಲೆ ಅಮೆರಿಕ ಸರ್ಕಾರ 1993ರ ಜನವರಿ 1ರಿಂದ ತಯಾರಾಗುವ ಮನೆ ಗ್ಯಾರೇಜಿನ ಮೋಟಾರುಗಳಿಗೆ ಇಂಥ ಹೆಚ್ಚುವರಿ ರಕ್ಷಣೆಯನ್ನು ಕಡ್ಡಾಯಗೊಳಿಸಿತು. ನಮ್ಮಲ್ಲಿ ಸಾವಿರಾರು ರೂಪಾಯಿಯ ಮೋಟಾರು ಕೊಂಡವರು ಕಣ್ಣನ್ನು 'ಆಮೇಲೆ ನೋಡೋಣ' ಎಂದು ಬಿಡುವುದನ್ನು ಕಂಡಿದ್ದೇನೆ. ತಿಂಗಳಿಗೊಮ್ಮೆ ಕಣ್ಣಿನ ಗಾಜು ಒರೆಸಿ, ಮುಚ್ಚುವಾಗ ಅಡ್ಡಲಾಗಿ ಪೊರಕೆ ಹಿಡಿದು ಪರೀಕ್ಷಿಸಿ. ಜೇಡ ಬಲೆ ಕಟ್ಟಲು ಇದಕ್ಕಿಂತ ಪ್ರಶಸ್ತ ಜಾಗ ಮತ್ತೊಂದಿಲ್ಲ.

ಮಲೆನಾಡಿನ ಅಂಚಿನ ನಮಗೆ ಇನ್ನೂ ಎರಡು ಶತ್ರುಗಳಿವೆ. ಒಂದು, ತೇವದೊಂದಿಗೆ ಬರುವ ಇರುವೆ, ಹಲ್ಲಿಗಳು. ಬೆಚ್ಚಗಿನ ಮೋಟಾರು ಪೆಟ್ಟಿಗೆ ಅವಕ್ಕೆ ಅರಮನೆ. ತಂತಿ ಒಳಹೋಗುವ ರಂಧ್ರವನ್ನು ಮುಚ್ಚಿ. ತಂತಿ ಕೆಳಗಿನಿಂದಲೇ ಒಳಹೋಗಲಿ. ಇನ್ನೊಂದು, ಏಪ್ರಿಲ್, ಮೇ ತಿಂಗಳ ಸಿಡಿಲು. ಅಂಗಳದುದ್ದಕ್ಕೂ ಹಾಯುವ ತಂತಿಗಳಲ್ಲಿ ಹತ್ತಿರದ ಸಿಡಿಲು ಪ್ರೇರಿಸುವ ವೋಲ್ಟೇಜು ಒಳಗಿನ ಬಿಲ್ಲೆಗಳನ್ನು ಸುಡಲು ಧಾರಾಳ ಸಾಕು. ಅರ್ತಿಂಗ್ ಸರಿಯಿರಲಿ, ಗುಡುಗು ಆರಂಭವಾಗುವ ಮುನ್ನವೇ ಮೋಟಾರಿನ ಪ್ಲಗ್ ಕಿತ್ತಿಡಿ. ಅಕ್ಕ ಹಾಗೆ ಕಿತ್ತಿಟ್ಟ ದಿನ ಗೇಟನ್ನು ಕೈಯಲ್ಲೇ ಸರಿಸುತ್ತಾಳೆ. ಬೀಗದಕೈ ಈಗ ಮುಂಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಇನ್ನೊಂದು ಪಕ್ಕದ ಮನೆಯವರ ಬಳಿ ಇದೆ.